ವೆಂಟಿಲೇಟರ್‌ನಲ್ಲಿ ನಮ್ಮವರಿದ್ದಾಗ: ಭೇಟಿಯ ಹತ್ತು ನಿಮಿಷದಲ್ಲಿ ಏನು ನೋಡಬೇಕು?

ಶಿರಸಿ ಕಡೆ ಯಾರಿಗಾದರೂ ಜೋರಾದರೆ ಆಂಬುಲೆನ್ಸ್ ಹುಬ್ಬಳ್ಳಿ ದಾರಿ ಹಿಡಿಯುತ್ತದೆ. ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೆ, ಕಾರವಾರದವರು ಎಷ್ಟೋ ಸಲ ಗೋವಾಕ್ಕೆ. ಆಮೇಲೆ ಮನೆಯವರಿಗೆ ಉಳಿಯುವುದು ಐಸಿಯು ಹೊರಗಿನ ಕುರ್ಚಿ ಮತ್ತು ಹತ್ತು ನಿಮಿಷದ ಭೇಟಿ. ಅಷ್ಟರಲ್ಲೇ ನೋಡಬೇಕಾದ್ದು ಸಾಕಷ್ಟಿದೆ. ವೆಂಟಿಲೇಟರ್ ಹಾಕಿ 48 ಗಂಟೆ ದಾಟಿದ ಮೇಲೆ, ಬಂದ ಕಾಯಿಲೆ ಸಾಲದೆಂಬಂತೆ ಹೊಸ ನ್ಯುಮೋನಿಯಾ ಸೇರಿಕೊಳ್ಳಬಹುದು.

ಯಾಕೆ ಹೀಗೆ? ಗಂಟಲಲ್ಲಿ ವೆಂಟಿಲೇಟರ್‌ನ ನಳಿಕೆ ಇದ್ದರೆ ಸರಿಯಾಗಿ ಕೆಮ್ಮಲು ಆಗುವುದಿಲ್ಲ. ಬಾಯಿಯ ಜೊಲ್ಲು, ಹೊಟ್ಟೆಯಿಂದ ಮೇಲೆ ಬಂದದ್ದು ನಳಿಕೆಯ ಸುತ್ತ ಉಬ್ಬಿಸಿಟ್ಟ ಪುಟ್ಟ ಬಲೂನಿನ ಮೇಲೆ ನಿಂತು, ಸಂದಿಯಲ್ಲಿ ಜಿನುಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದರ ಜೊತೆ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳೂ ಇಳಿಯುತ್ತವೆ. ಆಸ್ಪತ್ರೆಯಲ್ಲಿ ಪಳಗಿದ ಇವು ಎಷ್ಟೋ ಆಂಟಿಬಯೋಟಿಕ್‌ಗಳಿಗೆ ಬಗ್ಗುವುದಿಲ್ಲ.

ಒಳಗೆ ಹೋಗುವಾಗ ಮತ್ತು ಹೊರಬಂದ ಮೇಲೆ ಕೈಗೆ ಸ್ಯಾನಿಟೈಸರ್ ಹಚ್ಚಿ. ಇದು ಗೊತ್ತಿದ್ದದ್ದೇ.

ಆಮೇಲೆ ಮಂಚ ನೋಡಿ. ತಲೆಯ ಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು, ಆರಾಮ ಕುರ್ಚಿಯಲ್ಲಿ ಒರಗಿದ ಹಾಗೆ. ಒಂದು ಸಂಜೆ ನಮ್ಮ ಮಾವನ ಮಂಚ ಪೂರ್ತಿ ಸಪಾಟಾಗಿತ್ತು. ಹಾಸಿಗೆ ವಸ್ತ್ರ ಬದಲಿಸಿದವರು ಎತ್ತಲು ಮರೆತಿದ್ದರು. ಹೇಳಲು ನನಗೆ ಹೆದರಿಕೆ. ಹೇಳಿದ್ದೇ ತಡ, ಸಿಸ್ಟರ್ ಕಾಲ ಬುಡದ ಹಿಡಿಕೆ ತಿರುಗಿಸಿ ಎತ್ತಿದರು. ಆದರೆ ನೀವಾಗಿ ಮುಟ್ಟಬೇಡಿ. ಅಡಿಕೆ ಕೊನೆ ಕೊಯ್ಯುವಾಗ ಮರದಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾದವರ ಮಂಚವನ್ನು ಮಡಿಸುವುದಿಲ್ಲ. ಬೇಕಾದರೆ ಇಡೀ ಮಂಚವನ್ನೇ ಓರೆ ಮಾಡುತ್ತಾರೆ.

ಇನ್ನು ಬಾಯಿ. ನನ್ನ ಲೆಕ್ಕದಲ್ಲಿ ಜಾಸ್ತಿ ಅಸಡ್ಡೆಗೆ ಒಳಗಾಗುವುದು ಇದೇ. ದಿನವೂ ಮೆತ್ತನೆ ಬ್ರಷ್‌ನಿಂದ ಹಲ್ಲುಜ್ಜುತ್ತಾರಾ ಎಂದು ಕೇಳಿ. ಎಲೆ-ಅಡಿಕೆಯ ಕವಳ ಹಾಕುವ ನಮ್ಮ ಊರಿನ ಹಿರಿಯರಲ್ಲಿ ಅಲ್ಲಾಡುವ ಹಲ್ಲು, ಕಟ್ಟಿಸಿದ ಹಲ್ಲು ಎರಡೂ ಮಾಮೂಲು. ಇದ್ದರೆ ಮೊದಲೇ ಹೇಳಿಬಿಡಿ.

ಮಾರಿಕಾಂಬೆಯ ಕುಂಕುಮ ಹಣೆಗೆ ಇಡಬಹುದಾ ಎಂದು ಸಿಸ್ಟರ್ ಬಳಿ ಕೇಳಿ. ಆದರೆ ಬಾಯಿಗೆ ತೀರ್ಥ ಬೇಡ, ಒಂದು ಹನಿಯೂ ಬೇಡ. ಅದು ಹೊಟ್ಟೆಗೇ ಹೋಗುತ್ತದೆಂಬ ಖಾತ್ರಿ ಇಲ್ಲ ಅಲ್ವಾ?

ಡಾಕ್ಟರ್ ಸಿಕ್ಕಾಗ "ಹುಷಾರಾಗ್ತಾರಾ?" ಎಂದಷ್ಟೇ ಕೇಳಿ ಬರಬೇಡಿ. "ಇವತ್ತು ನಿದ್ದೆಯ ಔಷಧಿ ಕಡಿಮೆ ಮಾಡಿ ಸ್ವಂತ ಉಸಿರಾಟ ಪರೀಕ್ಷಿಸಿದಿರಾ?" ಎಂದೂ ಕೇಳಿ. ನಳಿಕೆ ಎಷ್ಟು ಬೇಗ ಹೊರಬಂದರೆ ಅಪಾಯ ಅಷ್ಟು ಕಡಿಮೆ. ಹೊಸದಾಗಿ ಜ್ವರ, ದಪ್ಪ ಹಳದಿ ಕಫ, ಆಕ್ಸಿಜನ್ ಜಾಸ್ತಿ ಬೇಕಾಗುವುದು ಕಂಡರೆ ಎಕ್ಸ್‌ರೇ ತೆಗೆದು, ಕಫ ಪರೀಕ್ಷೆಗೆ ಕಳಿಸುತ್ತಾರೆ.

ನಳಿಕೆ ತೆಗೆದ ದಿನ ರೋಗಿ ಕೇಳುವುದು ನೀರು. ಕೊಡದೆ ಇರುವುದು ಕಷ್ಟ. ಆದರೂ ನುಂಗಲು ಬರುತ್ತದೆಯೇ ಎಂದು ಆಸ್ಪತ್ರೆಯವರು ನೋಡಿ ಹೇಳುವ ತನಕ ಬಾಟಲಿ ಚೀಲದಲ್ಲೇ ಇರಲಿ.