ಬ್ಲಾಗ್ ನಿಮ್ಮ ವೆಬ್‌ಸೈಟ್ ಒಳಗೇ ಇರಲಿ

ವ್ಯಾಪಾರಕ್ಕೆ ಅಂತ ಬ್ಲಾಗ್ ಶುರು ಮಾಡುವವರು ಅದನ್ನು ಬ್ಲಾಗ್‌ಸ್ಪಾಟ್, ಮೀಡಿಯಂನಂಥ ಕಡೆ ಬೇರೆಯಾಗಿ ತೆರೆಯಬೇಡಿ. ನಿಮ್ಮದೇ ಡೊಮೇನ್ (ಸೈಟ್‌ನ ವಿಳಾಸ) ಒಳಗೆ, ‘ನಿಮ್ಮಂಗಡಿ.ಕಾಮ್/ಬ್ಲಾಗ್’ ಅನ್ನುವ ಹಾಗೆ ಒಂದು ಫೋಲ್ಡರ್ ಆಗಿ ಇಡಿ. ಇಳಕಲ್ ಸೀರೆ ಒಗೆಯೋದು ಹೇಗೆ ಅಂತ ನೀವು ಬರೆದದ್ದಕ್ಕೆ ಯಾರಾದರೂ ಲಿಂಕ್ ಕೊಟ್ಟರೆ, ಗೂಗಲ್ ಹುಡುಕಾಟದಲ್ಲಿ ಅದರ ಲಾಭ ಸೀರೆ ಮಾರುವ ನಿಮ್ಮ ಸೈಟ್‌ಗೇ ಸೇರುತ್ತದೆ. ಓದಿದವರು ಅಲ್ಲಿಂದಲೇ ಸೀರೆಯ ಪುಟಕ್ಕೂ ಹೋಗುತ್ತಾರೆ. ‘ಬ್ಲಾಗ್.ನಿಮ್ಮಂಗಡಿ.ಕಾಮ್’ ಅಂತ ಸಬ್‌ಡೊಮೇನ್ ಮಾಡಿದರೂ ತಪ್ಪಿಲ್ಲ, ಎರಡೂ ನಡೆಯುತ್ತದೆ ಅಂತ ಗೂಗಲ್ಲೇ ಹೇಳಿದೆ. ಆದರೂ ಸಣ್ಣ ವ್ಯಾಪಾರಕ್ಕೆ ಫೋಲ್ಡರೇ ಮೇಲು ಅಂತ ನನಗನ್ನಿಸುತ್ತದೆ. ನೋಡಿಕೊಳ್ಳಬೇಕಾದ್ದು ಒಂದೇ ಸೈಟ್ ಅಲ್ವಾ! ಬ್ಲಾಗರ್‌ನಲ್ಲೇ (ಬ್ಲಾಗ್‌ಸ್ಪಾಟ್ ವಿಳಾಸ ಕೊಡುವ ಗೂಗಲ್ ಸೇವೆ) ಉಳಿಯುವವರಿಗೆ ಈ ಫೋಲ್ಡರ್ ದಾರಿ ಇಲ್ಲ. ಅದಕ್ಕೆ ಸ್ವಂತ ಡೊಮೇನ್ ಜೋಡಿಸಬಹುದು, ಅದೂ ಸಬ್‌ಡೊಮೇನ್ ಆಗಿ ಮಾತ್ರ. ಹಾಗೆ ಜೋಡಿಸಿದ ಮೇಲೆ ಹಳೆಯ ವಿಳಾಸಕ್ಕೆ ಬಂದವರನ್ನು ಬ್ಲಾಗರ್ ತಾನೇ ಹೊಸದಕ್ಕೆ ಕಳಿಸುತ್ತದೆ. ಸ್ವಂತ ಸೈಟ್‌ನಲ್ಲೇ ಪುಟಗಳ ವಿಳಾಸ ಬದಲಿಸುತ್ತಿದ್ದರೆ, ಪ್ರತಿ ಹಳೆಯ ಪುಟದಿಂದ ಹೊಸದಕ್ಕೆ 301 ರೀಡೈರೆಕ್ಟ್ (ಬಂದವರನ್ನು ತಾನಾಗೇ ಹೊಸ ವಿಳಾಸಕ್ಕೆ ಕಳಿಸುವ ಕಾಯಂ ವ್ಯವಸ್ಥೆ) ಹಾಕಿ, ಸುಮ್ನೆ ಅಳಿಸಿಬಿಡಬೇಡಿ. ಗಿರಾಕಿಗಳೆಲ್ಲ ಅಕ್ಕಪಕ್ಕದ ಬೀದಿಯವರೇ ಆಗಿದ್ದರೆ ಮಾತ್ರ ಬ್ಲಾಗ್‌ನಿಂದ ಜಾಸ್ತಿ ಲಾಭವಿಲ್ಲ. ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ (ಗೂಗಲ್ ಹುಡುಕಾಟ, ಮ್ಯಾಪ್‌ನಲ್ಲಿ ಕಾಣುವ ಅಂಗಡಿಯ ವಿವರ) ಅಂಗಡಿಯ ಸಮಯ, ಫೋಟೋ, ಫೋನ್ ನಂಬರ್ ಸರಿ ಮಾಡಿಕೊಳ್ಳಿ.