ಏಳನೇ ದಿನದ ಕ್ಯೂಬ್

ಕಾಂಕ್ರೀಟ್ ಕ್ಯೂಬ್ ಅಂದರೆ ಉದ್ದ, ಅಗಲ, ಎತ್ತರ ಮೂರೂ 15 ಸೆಂಟಿಮೀಟರ್ ಇರುವ ಒಂದು ಗಟ್ಟಿ. ತೂಕ ಎಂಟು ಕೆ.ಜಿ. ಮೇಲೆ ಚೂರು. ಕಟ್ಟಡಕ್ಕೆ ಹಾಕುವ ಮಾಲನ್ನೇ ಕಬ್ಬಿಣದ ಮೋಲ್ಡಿಗೆ ಮೂರು ಪದರವಾಗಿ ತುಂಬಬೇಕು. ಒಂದೊಂದು ಪದರಕ್ಕೂ ಸರಳಿನಿಂದ 35 ಸಲ ಕುಟ್ಟಬೇಕು. ಮಾರನೇ ದಿನ ಬಿಚ್ಚಿ ನೀರಿನ ತೊಟ್ಟಿಗೆ ಹಾಕಬೇಕು. ಆಮೇಲೆ ಮಷೀನಿನಲ್ಲಿಟ್ಟು ಒಡೆದು, ಎಷ್ಟು ಭಾರಕ್ಕೆ ಒಡೆಯಿತು ಅಂತ ರಿಜಿಸ್ಟರಿನಲ್ಲಿ ಬರೆಯಬೇಕು. ಹದಿನೆಂಟು ವರ್ಷದಿಂದ ನನ್ನ ಕೆಲಸ ಹೆಚ್ಚುಕಡಿಮೆ ಇದೇ. ಕಾರ್ಡಿನಲ್ಲಿ ಕ್ವಾಲಿಟಿ ಎಂಜಿನಿಯರ್ ಅಂತಿದೆ. ನಮ್ಮಮ್ಮ ಒಮ್ಮೆ ಕೇಳಿದ್ದರು, "ಎಲ್ಲಾರೂ ಕಟ್ಟೋಕೆ ಸಂಬಳ ತಗೋತಾರೆ, ನಿಂಗೆ ಒಡೆಯೋಕೆ ಕೊಡ್ತಾರಾ?"

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಒಡೆದ ಕ್ಯೂಬುಗಳಲ್ಲಿ ಮುಕ್ಕಾಲುಪಾಲು ಸುಳ್ಳು ಕ್ಯೂಬುಗಳು. ಮೊದಲ ವಾರವೇ ಸೀನಿಯರ್ ಕಲಿಸಿಕೊಟ್ಟರು. ಒಂದು ಬಾಂಡ್ಲಿ ಮಾಲು ಪಕ್ಕಕ್ಕೆ ತೆಗೆದು, ಎರಡು ಹಿಡಿ ಸಿಮೆಂಟ್ ಜಾಸ್ತಿ ಹಾಕಿ ಕಲಸಿ ಮೋಲ್ಡಿಗೆ ತುಂಬೋದು. ಇದಕ್ಕೆ ಸೈಟಿನಲ್ಲಿ ಯಾರೂ ಮೋಸ ಅನ್ನುತ್ತಿರಲಿಲ್ಲ. "ಕ್ಯೂಬ್ ಸ್ಪೆಷಲ್" ಅನ್ನುತ್ತಿದ್ದರು, ಹೋಟೆಲಿನ ದೋಸೆಯ ಹಾಗೆ. ಕಾಲೇಜಿನಲ್ಲಿ ಬಹುಮಾನ ತಗೊಂಡವನು ನಾನು. ಒಂದು ಮಾತೂ ಆಡದೆ ಕಲಸಿದೆ.

ನಿಲ್ಲಿಸಿದ್ದು ಒಳ್ಳೆಯತನದಿಂದಲ್ಲ, ನಾಚಿಕೆಯಿಂದ. ಲ್ಯಾಬಿನಲ್ಲಿ ಮಷೀನ್ ನಡೆಸುತ್ತಿದ್ದ ಹಿರಿಯರೊಬ್ಬರು ಇದ್ದರು. ಓದಿದ್ದು ಎಸ್ಸೆಸ್ಸೆಲ್ಸಿ. ಒಂದು ದಿನ ನನ್ನ ರಿಜಿಸ್ಟರ್ ತಿರುವಿ ಹಾಕಿದರು. ಇಡೀ ತಿಂಗಳು ಕಾಂಕ್ರೀಟಿನ ಬಲ ಚದರ ಮಿಲಿಮೀಟರಿಗೆ 32 ನ್ಯೂಟನ್, 31.5, 32, 32.5. "ಏನಪ್ಪಾ, ಮಳೆ ಬಂದ ದಿನಾನೂ ಮೂವತ್ತೆರಡು, ಬಿಸಿಲಿದ್ದ ದಿನಾನೂ ಮೂವತ್ತೆರಡು. ಇಷ್ಟು ಚೆಂದದ ಕಾಂಕ್ರೀಟ್ ಆ ದೇವ್ರು ಬಂದ್ರೂ ಹಾಕಕ್ಕಾಗಲ್ಲ" ಅಂದರು. ಬೈಯಲಿಲ್ಲ, ರಿಜಿಸ್ಟರ್ ಮುಚ್ಚಿ ಕೈಗೆ ಕೊಟ್ಟರು, ಅಷ್ಟೇ. ನಿಜವಾದ ಕಾಂಕ್ರೀಟಿನ ಅಂಕಿಗಳು ಏರಿಳಿಯುತ್ತವೆ. ಜಲ್ಲಿ ಒದ್ದೆಯಿದ್ದ ದಿನ ಇಳಿಯುತ್ತದೆ, ಎಂ-ಸ್ಯಾಂಡಿನಲ್ಲಿ ಪುಡಿ ಜಾಸ್ತಿ ಬಂದ ದಿನ ಇಳಿಯುತ್ತದೆ. ನನ್ನ ರಿಜಿಸ್ಟರಿನಲ್ಲಿ ಏರಿಳಿತವೇ ಇರಲಿಲ್ಲ. ಗೊತ್ತಿದ್ದವರಿಗೆ ಸುಳ್ಳು ಒಂದೇ ನೋಟಕ್ಕೆ ಕಾಣುತ್ತಿತ್ತು. ಆ ವರ್ಷ ನಾನು ಸಹಿ ಹಾಕಿದ ಕಟ್ಟಡಗಳು ಈಗಲೂ ನಿಂತಿವೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಡಿಸೈನ್ ಮಾಡಿದವರು ಇಟ್ಟ ಮಿಗುತೆ ಕಾಪಾಡಿದೆ. ಅವರು ಕಾಣದ ತಪ್ಪಿಗೆ ಅಂತ ಇಟ್ಟದ್ದನ್ನು ನಾನು ಬೇಕಂತಲೇ ಮಾಡಿದ ತಪ್ಪಿಗೆ ಖರ್ಚು ಮಾಡಿದ್ದೆ.

ಈಗ 2013ರ ಸೈಟಿಗೆ ಬರುತ್ತೇನೆ. ಬೆಂಗಳೂರಿನ ಹೊರವಲಯದಲ್ಲಿ ಒಂದು ಅಪಾರ್ಟ್‌ಮೆಂಟ್. ಕೆಳಗೆ ಪಾರ್ಕಿಂಗ್, ಮೇಲೆ ಐದು ಮಹಡಿ. ಪಾರ್ಕಿಂಗಿನ ಒಂಬತ್ತು ಕಂಬಗಳನ್ನು ಒಂದೇ ದಿನ ಹಾಕುವುದಿತ್ತು. ಒಂದೊಂದೂ 300 ಬೈ 600 ಮಿಲಿಮೀಟರ್, ಮೂರು ಮೀಟರ್ ಎತ್ತರ. ಒಟ್ಟು ಐದು ಘನಮೀಟರಿಗೆ ಸ್ವಲ್ಪ ಕಡಿಮೆ, ಅಂದರೆ ಒಂದು ಲಾರಿ ರೆಡಿಮಿಕ್ಸ್ (ಪ್ಲಾಂಟಿನಲ್ಲೇ ಕಲಸಿ ತರುವ ಕಾಂಕ್ರೀಟ್) ಸಾಕು. ಗ್ರೇಡ್ ಎಂ-25. ಹಾಕಿದ 28 ದಿನಕ್ಕೆ ಒಂದೊಂದು ಚದರ ಮಿಲಿಮೀಟರೂ 25 ನ್ಯೂಟನ್ ತಡೆಯಬೇಕು. ಕ್ಯೂಬಿನ ಲೆಕ್ಕದಲ್ಲಿ ಸುಮಾರು 57 ಟನ್.

ಲಾರಿ ಮಧ್ಯಾಹ್ನ ಎರಡಕ್ಕೆ ಬರಬೇಕಿತ್ತು, ಬಂದಿದ್ದು ನಾಲ್ಕೂವರೆಗೆ. ಬೆಂಗಳೂರಿನ ಟ್ರಾಫಿಕ್ ಬಗ್ಗೆ ಬೇರೆ ಹೇಳಬೇಕಾ? ತುಂಬಿಸಿದ ಎರಡು ಗಂಟೆಯೊಳಗೆ ಇಳಿಸಬೇಕು ಅನ್ನುವುದು ರೆಡಿಮಿಕ್ಸಿನ ನಿಯಮ. ಲಾರಿ ಜೊತೆ ಬಂದ ಚಲನ್ ಚೀಟಿ ನೋಡಿದರೆ ತುಂಬಿಸಿ ಆಗಲೇ ಮೂರು ಗಂಟೆ ದಾಟಿತ್ತು. ವಾಪಸ್ ಕಳಿಸುವ ಅಧಿಕಾರ ನನಗಿತ್ತು. ಕಳಿಸಲಿಲ್ಲ. ಪಂಪು ಬಾಡಿಗೆಗೆ ಬಂದು ನಿಂತಿತ್ತು, ಆಳುಗಳು ಬೆಳಿಗ್ಗೆಯಿಂದ ಕಾಯುತ್ತಿದ್ದರು, ಕತ್ತಲಾಗುತ್ತಿತ್ತು. ಮೊದಲ ಐದು ಕಂಬ ಸುಸೂತ್ರವಾಗಿ ಆಯಿತು. ಆರನೆಯದು ಮುಗಿಯುವ ಹೊತ್ತಿಗೆ ಪಂಪಿನ ಪೈಪು ಕಟ್ಟಿಕೊಂಡಿತು. ಬಿಡಿಸಿ ಮತ್ತೆ ಶುರು ಮಾಡುವಾಗ ಲಾರಿಯ ಡ್ರಮ್ಮಿಗೆ ಪೈಪಿಟ್ಟು ನೀರು ಬಿಡುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದೆ. ಎಷ್ಟು ಬಿಟ್ಟರು ಅಂತ ಯಾರೂ ಅಳೆಯಲಿಲ್ಲ. ಒಂದು ಮೂಟೆ ಸಿಮೆಂಟಿಗೆ 25 ಲೀಟರ್ ನೀರು ಅನ್ನುವುದು ನಮ್ಮ ಮಿತಿ. ಅದಕ್ಕಿಂತ ಹೆಚ್ಚಾದ ನೀರು ಮುಂದೆ ಆವಿಯಾಗಿ, ಕಾಂಕ್ರೀಟಿನೊಳಗೆ ಸಣ್ಣ ಸಣ್ಣ ತೂತು ಬಿಟ್ಟು ಹೋಗುತ್ತದೆ. ಇದನ್ನು ನಾನು ಎಷ್ಟು ಜನ ಹೊಸಬರಿಗೆ ಪಾಠ ಮಾಡಿದ್ದೀನೋ ಲೆಕ್ಕವಿಲ್ಲ. ಆವತ್ತು ಬೇರೆ ಕಡೆ ತಿರುಗಿ ನಿಂತೆ.

ಆದರೆ ಕ್ಯೂಬಿಗೆ ಅದೇ ಮಾಲನ್ನು ತುಂಬಿದೆ. ಆರು ಕ್ಯೂಬ್. ಮೂರು ಏಳನೇ ದಿನಕ್ಕೆ, ಮೂರು 28ನೇ ದಿನಕ್ಕೆ. ಅಷ್ಟು ಹೊತ್ತಿಗೆ ಸ್ಪೆಷಲ್ ಕಲಸುವ ಕೈ ಮರೆತಿತ್ತು, ಪುಣ್ಯ.

ಏಳನೇ ದಿನ ಮಷೀನಿನಲ್ಲಿಟ್ಟಾಗ ಸರಾಸರಿ 11.8 ಬಂತು. 28ನೇ ದಿನದ್ದರ ಮೂರನೇ ಎರಡು ಭಾಗ, ಅಂದರೆ ಹದಿನಾರು ಹದಿನೇಳಾದರೂ ಇರಬೇಕಿತ್ತು.

ನಮ್ಮ ಕೆಲಸದ ನೀತಿಯ ಪ್ರಶ್ನೆ ಬರುವುದು ಇಂಥ ಕಡೆ. ಯಾರೂ ಲಂಚದ ಕವರ್ ಹಿಡಿದು ಬರುವುದಿಲ್ಲ. ಬರುವುದು ಒಂದು ನೆಪ, ಅದೂ ನಿಯಮದ ವೇಷದಲ್ಲಿ. ಕಾಂಕ್ರೀಟನ್ನು ಒಪ್ಪುವುದು ಬಿಡುವುದು 28ನೇ ದಿನದ ಅಂಕಿಯ ಮೇಲೆ, ಏಳನೇ ದಿನದ್ದು ಬರೀ ಸೂಚನೆ. ಪುಸ್ತಕದಲ್ಲೂ ಹಾಗೇ ಇದೆ. ಸುಮ್ನೆ ಇನ್ನು 21 ದಿನ ಕಾದರೆ ನನ್ನ ಮೇಲೆ ತಪ್ಪು ಹೊರಿಸಲು ಯಾರಿಗೂ ಆಗುತ್ತಿರಲಿಲ್ಲ. ಅಷ್ಟರಲ್ಲಿ ಆ ಕಂಬಗಳ ಮೇಲೆ ಎರಡು ಸ್ಲ್ಯಾಬ್ ಕೂತಿರುತ್ತಿತ್ತು.

ಪ್ರಾಜೆಕ್ಟ್ ಮ್ಯಾನೇಜರ್ ಅದನ್ನೇ ಹೇಳಿದರು. ಕೆಟ್ಟವರಲ್ಲ ಅವರು. "ನೋಡಪ್ಪಾ, ಇನ್ನೂ ಏಳು ದಿನದ ಮಗು ಅದು. ಬೆಳೆಯೋಕೆ ಬಿಡು. ಇಪ್ಪತ್ತೆಂಟು ಬರಲಿ, ಆಗ ಮಾತಾಡೋಣ. ನಾಡಿದ್ದು ಸ್ಲ್ಯಾಬ್‌ಗೆ ನಿನ್ನ ಸಹಿ ಬೇಕು." ಸ್ಲ್ಯಾಬಿಗೆ ಸೆಂಟ್ರಿಂಗ್ ಮುಗಿದು ಕಂಬಿ ಕಟ್ಟಿ ಆಗಿತ್ತು. ಕಾಂಕ್ರೀಟ್ ಹಾಕಲು ಒಪ್ಪಿಗೆ ಕೊಡುವ ಕಾರ್ಡಿನಲ್ಲಿ ಸಹಿಗೆ ಒಂದು ಖಾಲಿ ಚೌಕ, ಅದರ ಕೆಳಗೆ ನನ್ನ ಹೆಸರು.

ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲ್ ನೆನಪಾಯಿತು. 1981ರ ಜುಲೈ 17ರ ಸಂಜೆ ಅಲ್ಲಿನ ಲಾಬಿಯಲ್ಲಿ ತೂಗುಹಾಕಿದ್ದ ನಡೆದಾರಿಗಳು ಕಳಚಿ ಬಿದ್ದು 114 ಜನ ಸತ್ತರು. ಒಂದರ ಕೆಳಗೊಂದಿದ್ದ ಎರಡು ನಡೆದಾರಿಗಳನ್ನೂ ಚಾವಣಿಯಿಂದ ಬರುವ ಒಂದೇ ಉದ್ದನೆಯ ಸರಳು ಹೊರಬೇಕೆಂದು ಮೊದಲ ನಕ್ಷೆಯಲ್ಲಿತ್ತು. ಕೆಲಸ ಸುಲಭವಾಗಲಿ ಅಂತ ಆ ಸರಳನ್ನು ಎರಡು ತುಂಡು ಮಾಡಿದರು. ಕೆಳಗಿನ ನಡೆದಾರಿ ಮೇಲಿನದಕ್ಕೇ ನೇತುಬಿತ್ತು. ಮೇಲಿನ ನಟ್ಟಿನ ಮೇಲೆ ಎರಡರಷ್ಟು ಭಾರ. ಹೊಸ ನಕ್ಷೆ ಎಂಜಿನಿಯರುಗಳ ಕಚೇರಿಗೆ ಬಂದಾಗ ಲೆಕ್ಕ ಮಾಡದೆಯೇ ಮುದ್ರೆ ಒತ್ತಿದರು. ಆಮೇಲೆ ಅವರ ಲೈಸೆನ್ಸ್ ಹೋಯಿತು. ನಮ್ಮಲ್ಲಿ ಕಿತ್ತುಕೊಳ್ಳಲು ಲೈಸೆನ್ಸೇ ಇಲ್ಲ ಅನ್ನುವುದು ಬೇರೆ ವಿಷಯ. ವೈದ್ಯರಿಗೆ, ವಕೀಲರಿಗೆ, ಆರ್ಕಿಟೆಕ್ಟುಗಳಿಗೆ ಇಡೀ ದೇಶಕ್ಕೆ ಕಾನೂನಿನಡಿ ಒಂದು ಕೌನ್ಸಿಲ್ಲೋ ಆಯೋಗವೋ ಇದೆ. ಎಂಜಿನಿಯರಿಗೆ ಹಾಗೊಂದಿಲ್ಲ. ಪ್ರತಿ ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕಿ ಲಡ್ಡು ಹಂಚುತ್ತೇವೆ, ಅಷ್ಟು ಮಾತ್ರ ತಪ್ಪಿಸುವುದಿಲ್ಲ.

ನಾನು ಮಾಡಿದ್ದು ದೊಡ್ಡ ಜಗಳವೇನಲ್ಲ. ಮೊದಲು ಸಹಿ ಹಾಕಲಿಲ್ಲ. ಆಮೇಲೆ ಸ್ಟ್ರಕ್ಚರಲ್ ಡಿಸೈನರಿಗೆ ಫೋನ್ ಮಾಡಿದೆ. ಇದನ್ನು ಮ್ಯಾನೇಜರಿಗೆ ಮೊದಲೇ ಹೇಳಿಯೇ ಮಾಡಿದೆ, ಬೆನ್ನ ಹಿಂದೆ ಅಲ್ಲ. ಕದ್ದು ಮಾಡಿದರೆ ವಿಷಯ ಕಂಬದಿಂದ ನನ್ನ ಮೇಲೆ ತಿರುಗುತ್ತದೆ ಅಂತ ಗೊತ್ತಿತ್ತು. ಡಿಸೈನರ್ ಐದೇ ನಿಮಿಷದಲ್ಲಿ ಹೇಳಿದರು: ಮೇಲೆ ಒಂದು ಬಾಂಡ್ಲಿಯೂ ಹಾಕಬೇಡಿ, ಸೆಂಟ್ರಿಂಗ್ ಹಾಗೇ ಇರಲಿ, ಒಂಬತ್ತೂ ಕಂಬಕ್ಕೆ ರಿಬೌಂಡ್ ಹ್ಯಾಮರ್ ಹಿಡಿಸಿ.

ಹ್ಯಾಮರ್ ಅಂದರೆ ಸ್ಪ್ರಿಂಗ್ ಇರುವ ಒಂದು ಕೈಸಾಧನ. ಕಾಂಕ್ರೀಟಿಗೆ ಒತ್ತಿದರೆ ಪುಟಿದು ಅಂಕಿ ತೋರಿಸುತ್ತದೆ. 25 ಪರ್ಸೆಂಟ್ ಹೆಚ್ಚುಕಡಿಮೆ ಆಗಬಹುದು ಅಂತ ಅದರ ಕೋಡೇ, ಅಂದರೆ ನಿಯಮದ ಪುಸ್ತಕವೇ ಹೇಳುತ್ತದೆ, ಹಾಗಾಗಿ ಅದೊಂದನ್ನೇ ನಂಬಿ ತೀರ್ಪು ಕೊಡುವ ಹಾಗಿಲ್ಲ. ಆದರೆ ಎಲ್ಲಿ ಅನುಮಾನ ಪಡಬೇಕು ಅಂತ ಚೆನ್ನಾಗಿ ತೋರಿಸುತ್ತದೆ. ಆರು ಕಂಬ ಸರಿಯಿದ್ದವು. ಮೂರು ಸರಿಯಿರಲಿಲ್ಲ. ಯಾವ ಮೂರು ಅಂತ ನನಗೆ ಹ್ಯಾಮರ್ ಹಿಡಿಯುವ ಮೊದಲೇ ಗೊತ್ತಿತ್ತು.

ಅವತ್ತು ರಾತ್ರಿ ರಿಪೋರ್ಟ್ ಬರೆಯಲು ಕೂತೆ. ಅಂಕಿಗಳನ್ನೆಲ್ಲ ಬರೆದಾಯಿತು. ಕಾರಣ ಅನ್ನುವ ಜಾಗದಲ್ಲಿ ಮೊದಲು "ಸಾಗಣೆಯಲ್ಲಿ ವಿಳಂಬವಾಗಿರಬಹುದು" ಅಂತ ಬರೆದೆ. ಸುಳ್ಳಲ್ಲ. ಓದಿ ನೋಡಿದೆ. ಮೊದಲ ವರ್ಷದ ಮೂವತ್ತೆರಡರ ಹಾಗೇ ನುಣ್ಣಗಿತ್ತು. ಅಳಿಸಿ, "ಆರನೇ ಕಂಬದ ನಂತರ ಡ್ರಮ್ಮಿಗೆ ನೀರು ಸೇರಿಸಲಾಯಿತು. ಪ್ರಮಾಣ ಅಳೆದಿಲ್ಲ. ನಾನು ನೋಡಿದೆ, ತಡೆಯಲಿಲ್ಲ" ಅಂತ ಬರೆದೆ. ಕೊನೆಯ ಎರಡು ಪದ ಬರೆಯಲು ಎಷ್ಟು ಹೊತ್ತು ಹಿಡಿಯಿತೋ, ಹೆಂಡತಿ ಎರಡು ಸಲ ಊಟಕ್ಕೆ ಕರೆದಿದ್ದಳು.

ಆ ಸಾಲಿನಿಂದ ಒಂದು ಉಪಯೋಗವಂತೂ ಆಯಿತು. ಮೀಟಿಂಗಿನಲ್ಲಿ ರೆಡಿಮಿಕ್ಸ್‌ನವರು ಕ್ಯೂಬ್ ತುಂಬಿದ್ದೇ ಸರಿಯಿಲ್ಲ ಅಂತ, ನಮ್ಮವರು ಮಾಲೇ ಸರಿಯಿಲ್ಲ ಅಂತ ಕಿತ್ತಾಡಲು ತಯಾರಾಗಿ ಬಂದಿದ್ದರು. ತಪ್ಪಿನಲ್ಲಿ ತನ್ನ ಪಾಲು ಬರೆದುಕೊಂಡವನ ರಿಪೋರ್ಟನ್ನು ಅಲ್ಲಗಳೆಯುವುದು ಅವರಿಗೆ ಕಷ್ಟವಾಯಿತು. ಅರ್ಧ ಗಂಟೆಯಲ್ಲಿ ಮಾತು ಮುಂದೇನು ಅನ್ನುವುದಕ್ಕೆ ಬಂತು.

28ನೇ ದಿನದ ಕ್ಯೂಬ್ 17.6 ಬಂತು. ಆ ಮೂರು ಕಂಬಗಳಿಂದ ಕೋರ್, ಅಂದರೆ ಕೊರೆದು ತೆಗೆಯುವ ದುಂಡನೆಯ ಕಾಂಕ್ರೀಟ್ ತುಂಡು, ತೆಗೆದೆವು. ಕೋರುಗಳ ಸರಾಸರಿ ಬೇಕಾದ ಬಲದ 85 ಪರ್ಸೆಂಟ್ ಇರಬೇಕು, ಯಾವ ಒಂದೂ 75ಕ್ಕಿಂತ ಕೆಳಗೆ ಹೋಗಬಾರದು. ಎಂ-25ಕ್ಕೆ ಲೆಕ್ಕ ಹಾಕಿದರೆ 21.25 ಮತ್ತು 18.75. ಒಂದು ಕಂಬ ಹೇಗೋ ಪಾಸಾಯಿತು. ಎರಡು ಆಗಲಿಲ್ಲ. ಅವೆರಡಕ್ಕೂ ಜಾಕೆಟಿಂಗ್. ಅಂದರೆ ಮೇಲಿನ ಪದರ ಕೆತ್ತಿ, ಸುತ್ತ ಹೊಸ ಕಂಬಿ ಕಟ್ಟಿ, ನಾಲ್ಕೂ ಕಡೆ 100 ಮಿಲಿಮೀಟರ್ ಹೊಸ ಕಾಂಕ್ರೀಟ್. 300 ಬೈ 600 ಇದ್ದ ಕಂಬ 500 ಬೈ 800 ಆಯಿತು. ಅದರ ಪಕ್ಕದ ಕಾರ್ ಪಾರ್ಕಿಂಗ್ ಸ್ಕೂಟರ್ ಪಾರ್ಕಿಂಗ್ ಆಯಿತು. ಇಡೀ ಪ್ರಕರಣದಲ್ಲಿ ಬಿಲ್ಡರಿಗೆ ಅತಿ ಹೆಚ್ಚು ಸಿಟ್ಟು ತರಿಸಿದ್ದು ಇದೇ ಅಂತ ಆಮೇಲೆ ಗೊತ್ತಾಯಿತು.

ಆದರೆ ನನ್ನನ್ನು ಕಾಡಿದ್ದು ಬಿಲ್ಡರಿನ ಸಿಟ್ಟಲ್ಲ. ಕೆಲಸ ಒಂದು ತಿಂಗಳ ಮೇಲೆ ನಿಂತಿತು. ಶೆಡ್ಡಿನಲ್ಲಿ ಯಾದಗಿರಿ ಕಡೆಯ ಹನ್ನೊಂದು ಸಂಸಾರ ಇದ್ದವು. ದಿನಗೂಲಿ. ಕೆಲಸ ಇಲ್ಲದ ದಿನ ಕೂಲಿ ಇಲ್ಲ. ದಿನಾ ಸಂಜೆ ಒಬ್ಬರಾದರೂ ಕೇಳೋರು, "ನಾಳಿ ಕೆಲಸ ಐತೇನ್ರಿ ಸಾಹೇಬ್ರ?" ಪುಸ್ತಕದಲ್ಲಿ ಜನರ ಸುರಕ್ಷತೆಯೇ ಮೊದಲು ಅಂತ ಬರೆದಿರುತ್ತದೆ. ಮುಂದೆ ಆ ಕಟ್ಟಡದಲ್ಲಿ ವಾಸ ಮಾಡುವವರ ಮುಖ ನನಗೆ ಕಾಣುತ್ತಿರಲಿಲ್ಲ, ಇವರ ಮುಖ ಕಾಣುತ್ತಿತ್ತು. ಕಾಂಪೌಂಡ್, ಸಂಪು ಅಂತ ಸಣ್ಣಪುಟ್ಟ ಕೆಲಸ ಕೊಡಿಸಿದೆ. ಆರು ಸಂಸಾರಕ್ಕೆ ಸಾಕಾಯಿತು. ಉಳಿದವರು ಗಂಟು ಕಟ್ಟಿಕೊಂಡು ಬೇರೆ ಸೈಟಿಗೆ ಹೋದರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಹತ್ತೊಂಬತ್ತು ಜನ ಹೋದರಲ್ಲ, ಆ ದಿನ ಟಿವಿ ಮುಂದೆ ಕೂತಾಗ ನನಗೆ ಮೊದಲು ನೆನಪಾದದ್ದು ಈ ಹನ್ನೊಂದು ಸಂಸಾರ. ಸೆಂಟ್ರಿಂಗ್ ಕೆಳಗೆ ಅವರ ಮಕ್ಕಳು ಆಡುತ್ತಿದ್ದವು.

ನನ್ನ ಕೆಲಸ ಹೋಗಲಿಲ್ಲ. ಬಡ್ತಿಯೂ ಬರಲಿಲ್ಲ. ಮುಂದಿನ ಪ್ರಾಜೆಕ್ಟಿಗೆ ನನ್ನನ್ನು ಕರೆಯಲಿಲ್ಲ ಅಷ್ಟೇ, ನಾನೇ ಬೇರೆ ಕಡೆ ನೋಡಿಕೊಂಡೆ.

ಇನ್ನೊಂದು ಉಳಿದಿದೆ. ರಿಪೋರ್ಟಿನಲ್ಲಿ ಲಾರಿ ನಂಬರ್ ಬರೆದಿದ್ದೆ, ಬರೆಯಲೇಬೇಕಿತ್ತು. ಎರಡು ವಾರದ ಮೇಲೆ ರೆಡಿಮಿಕ್ಸ್‌ನವರು ಹೆಮ್ಮೆಯಿಂದಲೇ ಹೇಳಿದರು, "ಆ ಡ್ರೈವರನ್ನ ತೆಗೆದುಹಾಕಿದ್ವಿ ಸಾರ್." ಆಗ ಹೊಳೆಯಿತು. ನೀರು ಬಿಡು ಅಂದವರು ನಮ್ಮ ಮೇಸ್ತ್ರಿ. ಡ್ರೈವರ್ ಮೊದಲು ನನ್ನ ಮುಖ ನೋಡಿದ್ದ. ನಾನು ತಿರುಗಿ ನಿಂತದ್ದನ್ನು ಅವನು ಒಪ್ಪಿಗೆ ಅಂತ ತಿಳಿದ. "ನೀರು ಸೇರಿಸಲಾಯಿತು" ಅಂತ ನಾನು ಬರೆದ ವಾಕ್ಯದಲ್ಲಿ ಯಾರು ಹೇಳಿದರು ಅನ್ನುವುದೇ ಇರಲಿಲ್ಲ. ಅಷ್ಟೆಲ್ಲ ನಿಜ ಬರೆದೆ ಅಂತ ಬೀಗುತ್ತಿದ್ದವನು ಅದೊಂದನ್ನು ಬಿಟ್ಟಿದ್ದೆ.

ಇನ್ನೊಂದು ಪತ್ರ ಬರೆದೆ, ನಮ್ಮ ಕಡೆಯಿಂದಲೇ ಹೇಳಿದ್ದು ಅಂತ ಸ್ಪಷ್ಟವಾಗಿ. ಉತ್ತರ ಬರಲಿಲ್ಲ. ಚಲನ್ ಮೇಲಿದ್ದ ಅವನ ನಂಬರಿಗೆ ಫೋನ್ ಮಾಡಿದೆ, ಬೇರೆ ಯಾರೋ ಎತ್ತಿದರು.

ಈಗ ಯಾವ ಸೈಟಿನಲ್ಲಾದರೂ ಲಾರಿ ಬಂದ ಕೂಡಲೇ ಚಲನ್ ಹಿಂದೆ ನನ್ನ ಕೈಯಲ್ಲೇ ಬರೆಯುತ್ತೇನೆ. ಬಂದ ಗಂಟೆ, ಸ್ಲಂಪ್ (ಮಾಲು ಎಷ್ಟು ತೆಳುವಾಗಿದೆ ಅನ್ನುವ ಅಳತೆ) ಎಷ್ಟು, ಯಾರಾದರೂ ನೀರು ಕೇಳಿದರಾ, ಕೇಳಿದ್ದು ಯಾರು, ಬೇಡ ಅಂದದ್ದು ಯಾರು. ಸಹಿ ಹಾಕಿ ಅದರ ಒಂದು ಪ್ರತಿಯನ್ನು ಡ್ರೈವರಿಗೆ ಕೊಡುತ್ತೇನೆ. "ಇದು ನಂಗ್ಯಾಕೆ ಸಾರ್?" ಅಂತ ನಗುತ್ತಾರೆ. ಜೇಬಲ್ಲಿಟ್ಟುಕೊಳ್ಳಪ್ಪಾ ಅನ್ನುತ್ತೇನೆ.