ಪಾದ್ರಿಗೆ ಸ್ಪ್ಯಾನಿಷ್‌ನಲ್ಲಿ ಯಾವ ಪದ?

ಕಾಸರಗೋಡಿನವರಾದ ನಾವು ದೇವರ ಸೇವೆಯಲ್ಲಿರುವವರನ್ನೆಲ್ಲ ಒಂದೇ ಹೆಸರಿನಿಂದ ಕರೆಯುವವರಲ್ಲ. ನಿತ್ಯಪೂಜೆ ಮಾಡುವವರು ಅರ್ಚಕರು, ಬ್ರಹ್ಮಕಲಶ ನಡೆಸಿಕೊಡುವವರು ತಂತ್ರಿಗಳು, ಮದ್ರಸದಲ್ಲಿ ಕಲಿಸುವವರು ಉಸ್ತಾದರು, ಇಗರ್ಜಿಯಲ್ಲಿ ಬಲಿಪೂಜೆ ಅರ್ಪಿಸುವವರು ಪಾದ್ರಿಗಳು. ಸ್ಪ್ಯಾನಿಷ್ ಬರೆಯುವಾಗಲೂ ಇದೇ ಎಚ್ಚರ ಬೇಕು. ನಿಘಂಟು ಐದಾರು ಪದಗಳನ್ನು ಸಾಲಾಗಿ ಕೊಡುತ್ತದೆಯೇ ಹೊರತು ಯಾವುದನ್ನು ಎಲ್ಲಿ ಬಳಸಬೇಕೆಂದು ಹೇಳುವುದು ಕಡಿಮೆ.

ನೀವು ಹೇಳಹೊರಟಿರುವುದು ಆ ವ್ಯಕ್ತಿ ಪಡೆದ ದೀಕ್ಷೆಯನ್ನೋ, ವಹಿಸಿಕೊಂಡ ಹುದ್ದೆಯನ್ನೋ, ಅಥವಾ ಅವರನ್ನು ಕರೆಯುವ ಬಗೆಯನ್ನೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ. ದೀಕ್ಷೆಯ ಮಾತಾದರೆ ‘ಸಾಸೆರ್ದೋತೆ’ ಸುರಕ್ಷಿತ ಪದ. ಅದು ಗೌರವಯುತವಾದುದು, ಬೇರೆ ಧರ್ಮಗಳ ಪುರೋಹಿತರಿಗೂ ಸಲ್ಲುತ್ತದೆ. ಚರ್ಚಿನ ಅಧಿಕೃತ ಕಾಗದಪತ್ರಗಳಲ್ಲಿ ‘ಪ್ರೆಸ್ಬೀತೆರೊ’ ಎಂಬುದು ಕಂಡುಬರುತ್ತದೆ. ಮಾತಿನಲ್ಲಿ ಅದನ್ನು ಬಳಸಿದರೆ ತೀರಾ ಗ್ರಾಂಥಿಕವಾಗಿ ಕೇಳಿಸುತ್ತದೆ.

ಊರಿನ ಜನರ ಬಾಯಲ್ಲಿರುವುದು ‘ಕೂರಾ’. ಆರೈಕೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಇದು ಪುಲ್ಲಿಂಗವಾದರೆ ಪಾದ್ರಿ, ಸ್ತ್ರೀಲಿಂಗವಾದರೆ ಚಿಕಿತ್ಸೆ. ಆದ್ದರಿಂದ ಅದಕ್ಕೆ ಮೊದಲು ಬರುವ ಪುಲ್ಲಿಂಗದ ‘ಎಲ್’ ಅಥವಾ ಸ್ತ್ರೀಲಿಂಗದ ‘ಲಾ’ ತಪ್ಪಿದರೆ ಅರ್ಥವೇ ಬದಲಾಗುತ್ತದೆ. 1810ರ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೊದ ಸ್ವಾತಂತ್ರ್ಯ ಹೋರಾಟಕ್ಕೆ ಕರೆಕೊಟ್ಟ ಮಿಗೆಲ್ ಹಿದಾಲ್ಗೊ ಇಂದಿಗೂ ಅಲ್ಲಿಯವರಿಗೆ ‘ಎಲ್ ಕೂರಾ ಹಿದಾಲ್ಗೊ’. ಅವರು ಪಾದ್ರಿಯಾಗಿದ್ದ ದೊಲೋರೆಸ್ (ಅಂದರೆ ವ್ಯಾಕುಲಗಳು) ಎಂಬ ಊರಿನ ಇಗರ್ಜಿ ವ್ಯಾಕುಲಮಾತೆ ಮರಿಯಮ್ಮನದು. 1890ರಲ್ಲಿ ಕಟ್ಟಿದ ನಮ್ಮ ಬೇಳದ ಇಗರ್ಜಿಯೂ ಆ ಮಾತೆಯದೇ ಎಂಬುದು ಆ ಹೆಸರನ್ನು ಓದಿದಾಗಲೆಲ್ಲ ನನಗೆ ನೆನಪಾಗುತ್ತದೆ. ಆದರೆ ‘ಕೂರಾ’ ಸಲುಗೆಯ ಪದ. ಧ್ವನಿ ಸ್ವಲ್ಪ ಬದಲಾದರೂ ಹಗುರವಾಗಿ ಕೇಳಿಸಬಹುದಾದ್ದರಿಂದ ಪತ್ರದಲ್ಲಿ ಅದನ್ನು ಬರೆಯಬೇಡಿ.

ನಮ್ಮ ಕಡೆಯವರು ಹೆಚ್ಚಾಗಿ ಎಡವುವುದು ಹುದ್ದೆಯ ಪದದಲ್ಲಿ. ಪೋರ್ಚುಗೀಸರಿಂದ ಕೊಂಕಣಿಗೆ ಬಂದ ‘ವಿಗಾರ್’ ಎಂದರೆ ಇಲ್ಲಿ ಇಡೀ ಇಗರ್ಜಿಯ ಹೊಣೆ ಹೊತ್ತ ಪಾದ್ರಿ. ಮದುವೆಯ ದಾಖಲೆಗಾಗಿ ಸ್ಪೇನಿಗೆ ಕಳುಹಿಸಬೇಕಿದ್ದ ಒಂದು ಜ್ಞಾನಸ್ನಾನದ ಪ್ರಮಾಣಪತ್ರವನ್ನು ಅನುವಾದಿಸುವಾಗ ನಾನು ಮೊದಲು ‘ವಿಕಾರಿಯೊ’ ಎಂದೇ ಬರೆದಿದ್ದೆ. ಸ್ಪ್ಯಾನಿಷ್‌ನಲ್ಲಿ ಆ ಪದಕ್ಕೆ ಇನ್ನೊಬ್ಬರ ಬದಲಿಗೆ ನಿಲ್ಲುವವರು ಎಂಬ ಅರ್ಥವಿದೆ. ‘ವಿಕಾರಿಯೊ ಪರ್ರೊಕಿಯಾಲ್’ ಎಂದರೆ ನಾವು ಸಹಾಯಕ ಗುರುಗಳೆನ್ನುವವರು. ಸಹಿ ಮಾಡಿದವರು ಇಗರ್ಜಿಯ ಹೊಣೆ ಹೊತ್ತವರಾದ್ದರಿಂದ ‘ಪಾರ್ರೊಕೊ’ ಆಗಬೇಕಿತ್ತು. ಪತ್ರ ಹೊರಡುವ ಮೊದಲೇ ಅದನ್ನು ತಿದ್ದಿದೆ. ಅಂದಿನಿಂದ, ಪದದ ಸದ್ದು ಪರಿಚಿತವೆನಿಸಿದಷ್ಟೂ ಅದರ ಅರ್ಥವನ್ನು ಹೆಚ್ಚು ಪರೀಕ್ಷಿಸುತ್ತೇನೆ. ಆಸ್ಪತ್ರೆ, ಶಾಲೆ ಅಥವಾ ಸೇನೆಗೆ ನೇಮಕವಾದ ಪಾದ್ರಿಗೆ ‘ಕಾಪೆಯಾನ್’ ಎನ್ನುತ್ತಾರೆ.

ಎದುರಿಗೆ ನಿಂತು ಮಾತನಾಡುವಾಗ ‘ಪಾದ್ರೆ’ ಸಾಕು. ನಮ್ಮ ‘ಪಾದ್ರಿ’ಯ ಪೋರ್ಚುಗೀಸ್ ಮೂಲವೂ ಇದೇ ರೂಪದ್ದು. ಅದಕ್ಕೆ ತಂದೆ ಎಂಬ ಅರ್ಥವೂ ಇರುವುದರಿಂದ, ಬರವಣಿಗೆಯಲ್ಲಿ ಜೊತೆಗೆ ಹೆಸರನ್ನು ಸೇರಿಸಿದರೆ ಗೊಂದಲವಿರುವುದಿಲ್ಲ. ಫ್ರಾನ್ಸಿಸ್ಕನ್, ದೊಮಿನಿಕನ್ ಮೊದಲಾದ ಸಭೆಗಳ ಸನ್ಯಾಸಿಗಳ ಹೆಸರಿನ ಮುಂದೆ ‘ಫ್ರಾಯ್’ ಬರುತ್ತದೆ, ದೊಮಿನಿಕನ್ ಸಭೆಯ ‘ಫ್ರಾಯ್ ಬಾರ್ತೊಲೊಮೆ ದೆ ಲಾಸ್ ಕಾಸಾಸ್’ ಅವರ ಹೆಸರಿನಲ್ಲಿರುವಂತೆ. ಕನ್ಯಾಸ್ತ್ರೀಯರಿಗೆ ‘ಸೋರ್’, ಬಿಷಪರಿಗೆ ‘ಮೊನ್ಸೆನ್ಯೋರ್’.

ಪ್ರೊಟೆಸ್ಟೆಂಟ್ ಸಭೆಯ ಮುಖ್ಯಸ್ಥರಿಗೆ ಇವುಗಳಲ್ಲಿ ಯಾವುದೂ ಹೊಂದುವುದಿಲ್ಲ. ಅವರು ‘ಪಾಸ್ತೋರ್’, ಮಹಿಳೆಯಾದರೆ ‘ಪಾಸ್ತೋರಾ’. ಕುರುಬನೆಂಬ ಅರ್ಥದ ಈ ಪದಕ್ಕೆ ನಮ್ಮ ‘ಸಭಾಪಾಲಕ’ ಬಹಳ ಹತ್ತಿರದ್ದು. ಆದರೆ ‘ಸಾಸೆರ್ದೋತಿಸಾ’ ಎಂದರೆ ಓದುಗರಿಗೆ ಪ್ರಾಚೀನ ಗುಡಿಗಳ ಪೂಜಾರಿಣಿ ನೆನಪಾಗುವುದರಿಂದ ಇಂದಿನ ಚರ್ಚಿನ ಮಹಿಳೆಗೆ ಅದನ್ನು ಬಳಸುವ ಮುನ್ನ ಯೋಚಿಸಿ. ತಳಂಗರೆಯ ಮಾಲಿಕ್ ದೀನಾರ್ ಮಸೀದಿಯ ಇಮಾಮರು ‘ಇಮಾನ್’ ಆಗುತ್ತಾರೆ. ಅಯಸ್ಕಾಂತಕ್ಕೂ ಅದೇ ಪದವಿದ್ದರೂ ಸಂದರ್ಭದಿಂದ ಅರ್ಥ ಸ್ಪಷ್ಟವಾಗುತ್ತದೆ. ಮಧೂರು ದೇವಸ್ಥಾನದ ಅರ್ಚಕರನ್ನು ‘ಸಾಸೆರ್ದೋತೆ’ ಎಂದು ಕರೆದು, ಹಿಂದೂ ಎಂಬ ವಿಶೇಷಣವನ್ನು ಸೇರಿಸಿದರಾಯಿತು. ತಂತ್ರಿಗಳ ವಿಷಯದಲ್ಲಿ ಮಾತ್ರ ‘ತಂತ್ರಿ’ ಎಂಬ ಪದವನ್ನೇ ಉಳಿಸಿಕೊಂಡು, ಮೊದಲ ಸಲ ಬಂದಾಗ ಅವರು ದೇವಸ್ಥಾನದ ವಿಧಿಗಳಲ್ಲಿ ಪರಮಾಧಿಕಾರಿಗಳೆಂದು ಒಂದು ವಾಕ್ಯದಲ್ಲಿ ವಿವರಿಸಿ ಮುಂದೆ ಸಾಗುವುದನ್ನೇ ನಾನು ಸರಿಯೆನ್ನುತ್ತೇನೆ.